ಹಲ್ಲುಪುಡಿಗೆ ಕತೆ ಕಟ್ಟಿದವರು

ಆಷಾಢದ ಗಾಳಿ ಬೀಸುತ್ತಿತ್ತು. ಅಂಕಮ್ಮ ಜಗುಲಿಯ ಮೇಲೆ ಮೊರ ಹಿಡಿದು ಹುರುಳಿಕಾಳು ಕೇರುತ್ತಿದ್ದಳು. ಬಿಳಿ ಪಂಚೆ, ಕಂಕುಳಲ್ಲಿ ಒಂದು ಚೀಲ, ಮೂಗಿನ ಮೇಲೆ ದಪ್ಪ ಕನ್ನಡಕ, ಹೀಗೆ ಒಬ್ಬರು ಬಂದು ನಿಂತರು. ಹೊಟ್ಟು ಹಾರಿ ಅವರ ಕನ್ನಡಕದ ಮೇಲೇ ಕೂತಿತು. ಅದನ್ನು ಒರೆಸಿಕೊಂಡು, ಮುಂದಿನ ಕೋಣೆ ಬಾಡಿಗೆಗೆ ಇದೆಯಂತಲ್ಲ ಎಂದು ಕೇಳಿದರು.

ಮದ್ದೂರಿನ ಸ್ಟೇಷನ್ ರಸ್ತೆಯ ಆ ಮನೆಯ ಮುಂದಿನ ಕೋಣೆಯಲ್ಲಿ ಅಂಕಮ್ಮನ ಗಂಡ ಹಿಂಡಿ, ಬೂಸದ ಅಂಗಡಿ ಇಟ್ಟಿದ್ದ. ಅವನು ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಹಲಗೆ ಬಾಗಿಲು ಹಾಗೇ ಉಳಿದಿತ್ತು, ಗೋಡೆಯಲ್ಲಿ ಹಿಂಡಿಯ ವಾಸನೆಯೂ ಉಳಿದಿತ್ತು. ಯಾರಿಗೇ ಆಗಲಿ, ಕೇಳಬೇಕಾದ್ದನ್ನು ಕೇಳದೆ ಅವಳು ಕೋಣೆ ಕೊಡುವವಳಲ್ಲ.

"ಯಾವೂರಾಯ್ತು?"

"ಮೇಲುಕೋಟೆ. ಈಗ ಮಂಡ್ಯದಲ್ಲಿ ಅಣ್ಣನ ಮನೆ. ನನ್ನ ಹೆಸರು ಚಲುವನಾರಾಯಣ ಅಂತ."

"ಏನ್ ಕೆಲ್ಸ?"

ಅವರು ಕನ್ನಡಕವನ್ನು ಮತ್ತೊಂದು ಸಲ ಒರೆಸಿದರು. ಒರೆಸುವಂಥದ್ದೇನೂ ಅದರಲ್ಲಿ ಉಳಿದಿರಲಿಲ್ಲ. "ಕತೆ ಬರೀತೀನಿ. ಹೊಟ್ಟೆಪಾಡಿಗೆ ಅಂಗಡಿಯವರಿಗೆ ಜಾಹೀರಾತು ಬರೆದುಕೊಡ್ತೀನಿ. ಯಾರ ಕೈಕೆಳಗೂ ಇಲ್ಲ. ಕರೆದವರಿಗೆ ಬರೆಯೋದು."

"ಕತೆ ಅಂದ್ರೆ, ಅರಿಕತೆನಾ?"

"ಅಲ್ಲ ಕಣಮ್ಮ. ನಡೆಯದೇ ಇರೋದನ್ನ ನಡೆದ ಹಾಗೆ ಬರೆಯೋದು."

"ಜಾಹೀರಾತು ಅಂದ್ರೆ?"

ಅವರು ಸ್ವಲ್ಪ ಯೋಚನೆ ಮಾಡಿದರು. "ಅದೂ ಹೆಚ್ಚುಕಮ್ಮಿ ಅದೇ."

ಅಂಕಮ್ಮ ಮೊರ ಕೆಳಗಿಟ್ಟಳು. "ನಾಟಿಗೋ ಕುಯ್ಲಿಗೋ ಕರುದ್ರೆ ಓಗ್ತಾರಲ್ಲ, ಅಂಗೆ ಅನ್ನಿ. ಬರೆಯೋ ಕೂಲಿ."

"ಹೂಂ. ಹಾಗೇ."

"ಅಂಗಂದ್ರೆ ತಿಳೀತದೆ," ಅಂದು ಎದ್ದು ಬೀಗದ ಕೈ ತಂದಳು. ಅಂದಿನಿಂದ ಬೀದಿಯಲ್ಲಿ ಯಾರು ಕೇಳಿದರೂ ಬರೆಯೋ ಕೂಲಿಯವರು ಅಂತಲೇ ಹೇಳುತ್ತಿದ್ದಳು. ಚಲುವನಾರಾಯಣ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಂಡವರು ಅವರ ಅಣ್ಣ.

ಅಣ್ಣ ರಾಮಾನುಜಯ್ಯನವರು ಮಂಡ್ಯದ ಕಚೇರಿಯೊಂದರಲ್ಲಿ ದೊಡ್ಡ ಗುಮಾಸ್ತರು. ಒಂದು ಭಾನುವಾರ ರೈಲಿಳಿದು ಬಂದರು. ಕೋಣೆಯೊಳಗೆ ಹೋಗದೆ ಜಗುಲಿಯ ಅಂಚಿನಲ್ಲೇ ಕೂತರು.

"ಏನಮ್ಮ, ನಮ್ಮ ತಮ್ಮ ಇಲ್ಲಿ ಏನು ಅಂತ ಹೇಳ್ಕೊಂಡಿದಾನೆ?"

"ಬರೀತಾರಂತೆ ಕಣ್ ಸ್ವಾಮಿ."

"ಬರೀತಾನೆ. ನಮ್ಮ ಕಚೇರೀಲೂ ದಿನವೆಲ್ಲ ಬರೀತೀವಿ. ಅದಕ್ಕೆ ಸಂಬಳ ಅಂತ ಕೊಡ್ತಾರೆ." ಆಮೇಲೆ ತಮ್ಮನ ಕಡೆ ತಿರುಗಿ, ಅಂಕಮ್ಮನಿಗೂ ಕೇಳಲಿ ಅನ್ನುವ ಹಾಗೆ, ಹೇಳಬೇಕಾದ್ದನ್ನು ಹೇಳಿದರು. ಬರುವ ಯುಗಾದಿಯ ತನಕ ಬಿಟ್ಟಿದ್ದೇನೆ. ಅಷ್ಟರಲ್ಲಿ ಬರೆದು ಬದುಕಬಹುದು ಅಂತ ತೋರಿಸಿದರೆ ಆಯಿತು. ಇಲ್ಲದಿದ್ದರೆ ಸೊಸೈಟಿಯಲ್ಲಿ ಗುಮಾಸ್ತೆ ಜಾಗ ಮಾತಾಡಿಟ್ಟಿದೆ, ಬಂದು ಸೇರತಕ್ಕದ್ದು. ಅದಾದ ಮೇಲೆ ಯಾರಾದರೂ ಕೇಳಿದರೆ ಗುಮಾಸ್ತ ಅನ್ನಬೇಕು, ಕತೆಗಾರ ಅನ್ನಕೂಡದು. ತಾಯಿಗೂ ಹೀಗೇ ಮಾತು ಕೊಟ್ಟಾಗಿದೆ.

"ಒಪ್ಪಿದೀನಲ್ಲ," ಅಂದರು ಚಲುವನಾರಾಯಣ.

ಒಪ್ಪುವುದು ಸುಲಭ. ಮದ್ದೂರಿನಲ್ಲಿ ಕತೆಗಾರ ಅಂತ ಹೇಳಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗುವುದು ಬೇರೆ. ಅವರು ಪ್ರತಿ ಅಂಗಡಿಯ ಮುಂದೂ ಚಪ್ಪಲಿ ಬಿಟ್ಟು, ನಾನು ಕತೆಗಾರ, ಜಾಹೀರಾತು ಬರೆದುಕೊಡ್ತೀನಿ ಅನ್ನುತ್ತಿದ್ದರು. ಅಕ್ಕಿ ಅಂಗಡಿಯವನು, "ಅಕ್ಕಿ ಐತೆ ಅಂತ ಏಳೋಕೆ ಬರವಣಿಗೆ ಯಾಕ್ ಸ್ವಾಮಿ, ಮೂಟೆ ಕಾಣಕಿಲ್ವಾ?" ಅಂದ. ಜವಳಿಯವನು ಒಂದು ಬರೆಸಿದ, ಟೆಂಟು ಸಿನಿಮಾದವನು ವಾರಕ್ಕೊಂದು ಬರೆಸಿದ. ನಡುನಡುವೆ ಕತೆ ಬರೆದು ಬೆಂಗಳೂರಿನ ಪತ್ರಿಕೆಗಳಿಗೆ ಕಳಿಸುತ್ತಿದ್ದರು. ಬಹಳವು ವಾಪಸು ಬರುತ್ತಿದ್ದವು. ಒಂದು ಅಚ್ಚಾಯಿತು. ಆ ದಿನ ಅವರು ಪೋಸ್ಟಾಫೀಸಿನಿಂದ ಮನೆಗೆ ನೇರ ಬರದೆ, ಶಿಂಷಾ ಹೊಳೆಯ ತನಕ ಹೋಗಿ ಆಮೇಲೆ ಬಂದರು.

ಅವರು ಕೆಲಸ ಮಾಡುವ ಕ್ರಮ ಒಂದಿತ್ತು. ಈ ಕಡೆ ಹತ್ತು ಜನಕ್ಕೆ ಕರಪತ್ರ ಹಂಚಿದರೆ ಓದುವವನು ಒಬ್ಬ, ಉಳಿದವರು ಓದಿಸಿಕೊಳ್ಳುವವರು. ಆದ್ದರಿಂದ ಬರೆದದ್ದು ಕಣ್ಣಿಗಲ್ಲ ಕಿವಿಗೆ ಹಿಡಿಸಬೇಕು ಅನ್ನುತ್ತಿದ್ದರು. ಬರೆದು ಮುಗಿದ ಮೇಲೆ ಜಗುಲಿಗೆ ಬಂದು ಅಂಕಮ್ಮನ ಎದುರು ಓದುತ್ತಿದ್ದರು. ಅವಳು ತನ್ನ ಪಾಡಿಗೆ ಕಾಳು ಕೇರುತ್ತಲೋ ರಾಗಿಯ ಕಲ್ಲು ಆರಿಸುತ್ತಲೋ ಇರಬೇಕು. ಕೇಳುತ್ತಾ ಕೇಳುತ್ತಾ ಎಲ್ಲಿ ಅವಳ ಮೊರ ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕುತ್ತಿದ್ದರು. ಗೀಟು ಬಿದ್ದ ಸಾಲು ದಪ್ಪ ಅಕ್ಷರಕ್ಕೆ. ಗೀಟೇ ಬೀಳದಿದ್ದರೆ ಹರಿದು ಹಾಕಿ ಮತ್ತೆ ಬರೆಯುವುದು. ಅಂಕಮ್ಮ ಹುಡುಗಿಯಾಗಿದ್ದಾಗ ಕೂಲಿಮಠದಲ್ಲಿ ಅಷ್ಟಿಷ್ಟು ಕಲಿತವಳು. ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ದಪ್ಪ ಅಕ್ಷರವಾದರೆ ಅವಳಿಗೂ ದಕ್ಕುತ್ತಿತ್ತು. ಮೊರ ನಿಂತ ಜಾಗ ಅವಳಿಗೆ ಗೊತ್ತಾಗುತ್ತಿರಲಿಲ್ಲ, ಅವರಿಗೆ ಗೊತ್ತಾಗುತ್ತಿತ್ತು. ಸುಮ್ಮನೆ ಅವರನ್ನು ಸಂತೋಷಪಡಿಸಲು ನಿಲ್ಲಿಸೋಣ ಎಂದು ಒಂದು ಸಲ ನೋಡಿದಳು. "ಇದು ಬೇಕೂಂತ ನಿಲ್ಲಿಸಿದ್ದು," ಅಂದುಬಿಟ್ಟರು.

ಸಂಕ್ರಾಂತಿಯ ಹೊತ್ತಿಗೆ ಮರಿಯಯ್ಯ ಬಂದ. ಮರಿಯಯ್ಯ ಪೇಟೆಬೀದಿಯ ಹಿಂದೆ ಒಂದು ಶೆಡ್ಡು ಹಾಕಿಕೊಂಡು, ಹೊಟ್ಟಿನ ಬೂದಿ, ಉಪ್ಪು, ಲವಂಗ, ಮೆಣಸು ಕುಟ್ಟಿಸಿ ಮುತ್ತುಮಾಲೆ ಹಲ್ಲುಪುಡಿ ಅಂತ ಮಾಡುತ್ತಿದ್ದ. ಪುಡಿ ಚೆನ್ನಾಗಿತ್ತು, ಕೊಳ್ಳುವವರು ಇರಲಿಲ್ಲ.

"ನಮ್ ಜನ ಬೇವಿನ ಕಡ್ಡಿ ಬುಡಕಿಲ್ಲ, ಇದ್ದಿಲು ಬುಡಕಿಲ್ಲ. ಲವಂಗ ಐತೆ ಅಂದ್ರೆ ಸಾರಿಗೆ ಆಕ್ಕೋತೀವಿ ಅಂತಾರೆ. ಏನಾರ ಬರ್ದು ಅಲ್ಲಾಡ್ಸಿ ಸ್ವಾಮಿ," ಅಂದ.

ಚಲುವನಾರಾಯಣ ಲವಂಗ ಮೆಣಸಿನ ಮಾತೇ ಎತ್ತಲಿಲ್ಲ. ಕತೆ ಬರೆದರು. ಜಗುಲಿಗೆ ಬಂದು ಓದಿದರು.

"ಮಳವಳ್ಳಿ ತಾಲ್ಲೂಕು ಬಂಡೂರಿನ ದೇವಿರಮ್ಮನ ಕತೆ ಕೇಳಿ. ಬಾಯಿವಾಸನೆಗೆ ಬೇಸತ್ತು ಗಂಡ ಆಕೆಯನ್ನು ತೌರಿಗೆ ಕಳಿಸಿದ. ಮಳೆಗಾಲವೆಲ್ಲ ಅತ್ತಳು. ಸುಗ್ಗಿಯಲ್ಲಿ ಮುತ್ತುಮಾಲೆ ಹಲ್ಲುಪುಡಿ ತರಿಸಿದಳು. ಸುದ್ದಿ ಮುಟ್ಟಿದ ಗಂಡ ಎತ್ತಿಗೆ ಗೆಜ್ಜೆ ಕಟ್ಟಿ, ಗಾಡಿಗೆ ಕಮಾನು ಕಟ್ಟಿ ಬಂದು ಬಾಗಿಲಲ್ಲಿ ನಿಂತ. ಆಕೆ ನಕ್ಕಳು. ಅವನು ಬೇರೆ ಮಾತಾಡಲಿಲ್ಲ."

ಗಾಡಿ ಬಂದು ನಿಂತಲ್ಲಿ ಮೊರವೂ ನಿಂತಿತು. ಅವರು ಉದ್ದಕ್ಕೆ ಗೀಟು ಎಳೆದರು.

"ಬಂಡೂರು ನನ್ ತೌರು ಕಣ್ ಅಯ್ನೋರೆ. ಯಾವ ದೇವಿರಮ್ಮ ಇವ್ಳು?"

"ಯಾರೂ ಅಲ್ಲ. ಕುರಿಗೆ ಹೆಸರಾದ ಊರು, ಎಲ್ಲರಿಗೂ ಗೊತ್ತಿರುತ್ತೆ. ದೇವಿರಮ್ಮ ಅನ್ನೋರು ಈ ಕಡೆ ಮನೆಗೊಬ್ಬರು. ಎಲ್ಲರಿಗೂ ಇರೋ ಹೆಸರಾದರೆ ಅದು ಯಾರ ಹೆಸರೂ ಅಲ್ಲ."

ಅದು ಅಂಕಮ್ಮನಿಗೂ ಸರಿ ಅನ್ನಿಸಿತು. ಮತ್ತೆ ಮೊರ ಎತ್ತಿಕೊಂಡಳು.

ತೆಳು ಗುಲಾಬಿ ಕಾಗದದ ಮೇಲೆ ಅಚ್ಚು ಹಾಕಿಸಿದರು. ಜಟಕಾ ಹೊಡೆಯುವ ಚಿಕ್ಕಬೋರಯ್ಯ ತಗಡಿನ ಕೊಳವೆ ಬಾಯಿಗಿಟ್ಟುಕೊಂಡು ಮಳವಳ್ಳಿ ಸಂತೆಯಲ್ಲಿ ಆ ಕತೆಯನ್ನು ಕೂಗಿದ. ಕಾಗದ ಎರಚಿದ. ಆ ದಿನವೇ ಅವನ ಗಾಡಿಯಲ್ಲಿದ್ದ ಪೊಟ್ಟಣವೆಲ್ಲ ಖಾಲಿಯಾಯಿತು. ಮುಂದಿನ ಸಂತೆಗೆ ಜನ ತಾವೇ ಗಾಡಿ ಸುತ್ತ ನಿಂತು, "ದೇವಿರಮ್ಮನ ಪುಡಿ ಕೊಡಪ್ಪ," ಅಂದರು. ಮರಿಯಯ್ಯ ಹೊಸ ಒರಳು ತರಿಸಿದ. ಬೇರೆ ಅಂಗಡಿಯವರೂ ಕೋಣೆ ಹುಡುಕಿಕೊಂಡು ಬಂದರು. ಹಿಂದೆ ಮೂಟೆ ಕಾಣಕಿಲ್ವಾ ಅಂದಿದ್ದ ಅಕ್ಕಿಯವನು ಜಗುಲಿಯಲ್ಲಿ ಕೂತು, "ನಮ್ಮ ಅಕ್ಕೀಗೂ ಒಬ್ಳು ಎಂಗ್ಸು ಇಟ್ಟು ಬರೀರಿ," ಅಂದ. ಚಲುವನಾರಾಯಣ ಅಣ್ಣನಿಗೆ ಒಂದು ಕಾರ್ಡು ಬರೆದರು. ಏನು ಬರೆದರೋ, ಅಣ್ಣ ಆ ತಿಂಗಳು ಬರಲಿಲ್ಲ.

ಬಂದವನು ಮಾದಯ್ಯ. ಬಂಡೂರಿನ ಮಾದಯ್ಯ ಅಂಕಮ್ಮನ ದಾಯಾದಿ ಅಣ್ಣನ ಮಗ. ಟವಲು ಹೆಗಲ ಮೇಲೆ ಎಸೆದುಕೊಂಡು ಜಗುಲಿ ಹತ್ತಿದ. ಅಂಕಮ್ಮ ನೀರು ಕೊಟ್ಟರೆ ಮುಟ್ಟಲಿಲ್ಲ.

"ಅತ್ತೆ, ಕತೆ ಬರೆಯೋನು ಎಲ್ಲವ್ನೆ?"

"ಕೂತ್ಕೋ ಬಾರ್ಲಾ. ಏನಾಯ್ತು?"

"ಏನಾಗ್ಬೇಕು? ಬಸ್ ಅತ್ತುದ್ರೆ ಕಂಡಕ್ಟ್ರು, ಮಾದಣ್ಣ ಇವತ್ತು ಗಾಡಿ ಕಟ್ಲಿಲ್ವಾ ಅಂತಾನೆ. ಓಟ್ಲಲ್ಲಿ ಕೂತ್ರೆ ಎದ್ರುಗಿರೋನು ಅಲ್ಲು ಕಿರೀತಾನೆ. ನನ್ ಎಂಡ್ತಿ ಅವ್ವುಂಗೆ ಮೈ ಉಸಾರಿಲ್ಲ ಅಂತ ತೌರ್ಗೆ ಓಗಿದ್ಲು. ಮಳೆಗಾಲ ಮುಗುದ್ಮೇಲೆ ನಾನೇ ಗಾಡಿ ಕಟ್ಕೊಂಡು ಓಗಿ ಕರ್ಕೊಂಡ್ ಬಂದೆ. ಅದು ತಪ್ಪಾ?"

ಮಾದಯ್ಯನ ಹೆಂಡತಿಯ ಹೆಸರು ದೇವಿರಮ್ಮ.

ತೌರಿಗೆ ಹೋಗದ ಸೊಸೆ ಯಾವ ಮನೆಯಲ್ಲಿದ್ದಾಳೆ, ಗಾಡಿ ಕಟ್ಟದ ಗಂಡ ಯಾವ ಊರಲ್ಲಿದ್ದಾನೆ ಎಂದು ಅಂಕಮ್ಮನಿಗೆ ಆಗ ಹೊಳೆಯಿತು. ಬಂಡೂರಿನಲ್ಲಿ ದೇವಿರಮ್ಮಂದಿರು ಬೇಕಾದಷ್ಟು ಜನ ಇದ್ದರು. ಆ ವರ್ಷ ಮಳೆಗಾಲವೆಲ್ಲ ತೌರಲ್ಲಿ ಇದ್ದವಳು ಇವಳೊಬ್ಬಳೇ. ಜನ ಓದಿಸಿಕೊಂಡು ಸುಮ್ಮನಾಗಿರಲಿಲ್ಲ. ಯಾವ ದೇವಿರಮ್ಮ, ಯಾರ ಮನೆಯವಳು, ಯಾವಾಗ ಹೋಗಿದ್ದಳು ಅಂತ ಲೆಕ್ಕ ಹಾಕಿ ಮನೆ ಕಂಡುಹಿಡಿದಿದ್ದರು.

ಒಳಗಿಂದ ಚಲುವನಾರಾಯಣ ಬಂದರು. "ನಾನೇ ಬರೆದದ್ದು. ಆದರೆ ಅದು ನಿಮ್ಮ ಮನೆಯವರಲ್ಲ. ಅದು ಕತೆ."

"ಕತೆ ಅಂತ ಅದ್ರಲ್ಲಿ ಎಲ್ ಬರ್ದಿದ್ದೀರಿ?"

"ದೇವಿರಮ್ಮನ ಕತೆ ಕೇಳಿ ಅಂತ ಮೊದಲೇ ಇದೆಯಲ್ಲ."

"ನಮ್ಮೂರಲ್ಲಿ ಅವನ ಕತೆ ಕೇಳಿದ್ಯಾ ಅಂದ್ರೆ ನಡೆದದ್ದನ್ನ ಏಳ್ತಾರೆ," ಅಂದ ಮಾದಯ್ಯ. "ನನ್ ಎಂಡ್ತಿ ತಂಗೀನ ಬೆಸಗರಹಳ್ಳಿಯೋರು ಎಣ್ಣು ಕೇಳಿದ್ರು. ಈಗ ಅಕ್ಕುನ್ನ ಗಂಡ ಬುಟ್ಟಿದ್ನಂತಲ್ಲ ಅಂತ ಏಳಿ ಕಳ್ಸವ್ರೆ. ನಿಮ್ ಕತೆ ನಿಮ್ಮ ತಾವೇ ಇಟ್ಕೊಳಿ. ಯಾವ ಸಂತೇಲಿ ಕೂಗ್ಸುದ್ರೋ ಅದೇ ಸಂತೇಲಿ, ಅದೇ ಗಾಡಿ ಮೇಲ್ ನಿಂತು ವಾಪಸ್ ತಕಳಿ."

ಕೂಗಿದ ಮಾತನ್ನು ಕೂಗಿಯೇ ವಾಪಸು ತೆಗೆದುಕೊಳ್ಳುವುದು ಆ ಕಡೆಯ ಪದ್ಧತಿ. ಹೊಲದ ಬದು ಒತ್ತಿದ ಅಂತ ಚಾವಡಿಯಲ್ಲಿ ಅಂದವನು ಚಾವಡಿಯಲ್ಲೇ ಇಲ್ಲ ಅನ್ನಬೇಕು. ಮನೆಗೆ ಬಂದು ಕೈ ಮುಗಿದರೆ ನಡೆಯುವುದಿಲ್ಲ.

ಚಲುವನಾರಾಯಣ ಮರಿಯಯ್ಯನ ಶೆಡ್ಡಿಗೆ ಹೋದರು. ಮರಿಯಯ್ಯ ಕೋಪ ಮಾಡಿಕೊಳ್ಳುವ ಮನುಷ್ಯನಲ್ಲ. ಕುಟ್ಟುವ ಹೆಂಗಸರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದ. "ಸುಳ್ಳು ಅಂತ ಒಂದ್ ಮಾತು ಸಂತೇಲಿ ಬಿದ್ರೆ ಈ ಪುಡೀನ ನಾಯೂ ಮೂಸಕಿಲ್ಲ. ಸುಮ್ನಿರಿ. ಇನ್ನೊಂದು ಅಬ್ಬ ಬಂದ್ರೆ ಜನ ಮರ್ತೋಗ್ತಾರೆ. ನಿಮ್ಗೆ ವರ್ಸೆಲ್ಲಾ ನಂದೇ ಕೆಲ್ಸ. ನಿಮ್ಮಣ್ಣೋರ್ಗೂ ಬೇಕಾರೆ ನಾನೇ ಬಂದು ಏಳ್ತೀನಿ."

ವರ್ಷವಿಡೀ ಕೆಲಸ ಅಂದರೆ ಗುಮಾಸ್ತೆ ಜಾಗ ಇನ್ನೊಬ್ಬರಿಗೆ. ಯುಗಾದಿ ಹತ್ತಿರಕ್ಕೆ ಬಂದಿತ್ತು. ಅಂದು ಅವರು ಜಗುಲಿಯಲ್ಲಿ ಕೂತು ಕನ್ನಡಕ ಒರೆಸಿದರು. ಆಮೇಲೆ, "ಏನು ಮಾಡಲಿ ಅಂಕಮ್ಮನೋರೆ?" ಅಂದರು.

"ನನ್ನ ಕೇಳ್ಬ್ಯಾಡಿ. ಅವ್ಳು ನನ್ ತೌರಿನ ಸೊಸೆ. ನೀವು ನನ್ ಮನೇಲಿರೋರು."

"ಹಾಗಾದರೆ ಬಂಡೂರಿಗೆ ಕರೆದುಕೊಂಡು ಹೋಗಿ. ಅವರನ್ನೇ ಕೇಳ್ತೀನಿ."

ಇಬ್ಬರೂ ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಬಂಡೂರಿಗೆ ಹೋದರು. ಅಂಗಳದಲ್ಲಿ ಕುರಿಗಳು ಹುರುಳಿ ಹೊಟ್ಟು ತಿನ್ನುತ್ತಿದ್ದವು. ಮಾದಯ್ಯ ಹೊಲಕ್ಕೆ ಹೋಗಿದ್ದ. ಅವನ ಅಪ್ಪ ದೊಡ್ಡಸಿದ್ದಯ್ಯ ಚಾಪೆ ಹಾಸಿಸಿದ. ಚಲುವನಾರಾಯಣ ನಿಂತುಕೊಂಡೇ ಹೇಳಿದರು. ಎಲ್ಲ ಅಂಗಡಿಯ ಮುಂದೆ ಹೇಳಿ ಹೇಳಿ ಬಾಯಿಪಾಠವಾಗಿದ್ದ ಅದೇ ಮಾತು, ನಾನು ಕತೆಗಾರ, ಜಾಹೀರಾತು ಬರೆದುಕೊಡ್ತೀನಿ ಅಂತ. ಈ ಸಲ ನಡುವೆ ಒಂದು ಕಡೆ ತಡವರಿಸಿತು.

ದೊಡ್ಡಸಿದ್ದಯ್ಯ ಕೇಳಿಸಿಕೊಂಡ. "ಕತೆಗೆ ನಮ್ಮ ಎಣ್ಮಕ್ಕಳ ಎಸ್ರೇ ಬೇಕಿತ್ತಾ ಸ್ವಾಮಿ? ನಿಮ್ಮನೇಲಿ ಎಸ್ರಿಲ್ವಾ?"

"ನಮ್ಮ ತಾಯಿ ಹೆಸರು ತಿರುಮಲಮ್ಮ. ಅದನ್ನ ಹಾಕಿದ್ದರೆ ಈ ಕಡೆ ಜನ ನಂಬ್ತಿರಲಿಲ್ಲ."

"ಅಂಗಾರೆ ನಂಬ್ಲಿ ಅಂತ್ಲೇ ಬರ್ದಿರಿ."

"ಹೌದು."

"ನಂಬುದ್ರು," ಅಂದು ಮುದುಕ ಕುರಿಯ ಕಡೆ ನೋಡಿದ. "ಕೂತ್ಕಳಿ. ಎಳ್ನೀರು ಕುಡ್ಕೊಂಡ್ ಓಗಿ."

ಅಂಕಮ್ಮ ಅಡುಗೆಮನೆಗೆ ಹೋದಳು. ದೇವಿರಮ್ಮ ಸೊಪ್ಪು ಸೋಸುತ್ತಿದ್ದಳು. ಎಲೆಅಡಿಕೆಯ ಅಭ್ಯಾಸ ಇರಲಿಲ್ಲ, ಹಲ್ಲು ಮೊದಲಿಂದಲೂ ಚೆನ್ನಾಗೇ ಇದ್ದವು. ಬಂದವರು ಒಂದು ಮಾತು ಆಡಬೇಕಂತೆ ಅಂದರೆ ಅವಳು ಎದ್ದು ಬರಲಿಲ್ಲ.

"ನಂಗೇನ್ ಏಳೋದೈತೆ ಅತ್ತೆ? ನಾನು ತೌರಿಗೆ ಯಾಕ್ ಓಗಿದ್ದೆ ಅಂತ ನಂಗ್ ಗೊತ್ತಿಲ್ವಾ? ಗೊತ್ತಿಲ್ದೇ ಇರೋದು ಸಂತೆಗೆ. ಅಲ್ ಏಳ್ಳಿ."

ಅಂಕಮ್ಮ ಹೊರಗೆ ಬಂದು ಆ ಮಾತನ್ನು ಹೆಚ್ಚುಕಮ್ಮಿ ಇಲ್ಲದಂತೆ ಹೇಳಿದಳು. ವಾಪಸು ಬಸ್ಸಿನಲ್ಲಿ ಚಲುವನಾರಾಯಣ ಮದ್ದೂರು ಬರುವ ತನಕ ಕಿಟಕಿಯ ಕಂಬಿ ಹಿಡಿದು ಕೂತಿದ್ದರು. ಇಳಿಯುವಾಗ, "ನಾಡಿದ್ದು ಸಂತೆಗೆ ಹೋಗ್ತೀನಿ," ಅಂದರು.

ಅಂಕಮ್ಮನೂ ಹೋದಳು. ಚಿಕ್ಕಬೋರಯ್ಯ ಗಾಡಿ ಕೊಡಲು ಹಿಂದೆಮುಂದೆ ನೋಡಿದ. "ನೀವ್ ಬರ್ದಿದ್ದು, ನಾನ್ ಕೂಗಿದ್ದು, ಇಬ್ರುಗೂ ಬೀಳ್ತದೆ ಕಣ್ ಸ್ವಾಮಿ," ಅಂದ. ಆಮೇಲೆ ಕುದುರೆ ಬಿಚ್ಚಿ ದೂರ ಕಟ್ಟಿ, ಗಾಡಿ ಬಿಟ್ಟುಕೊಟ್ಟ. ಚಲುವನಾರಾಯಣ ಪಂಚೆ ಎತ್ತಿ ಕಟ್ಟಿ ಹತ್ತಿದರು. ಕೊಳವೆ ಹಿಡಿಯುವುದು ಗೊತ್ತಿರಲಿಲ್ಲ, ತಲೆಕೆಳಗಾಗಿ ಹಿಡಿದಿದ್ದರು. ಕೆಳಗಿದ್ದವರೇ ತಿರುಗಿಸಿ ಕೊಟ್ಟರು.

"ನನ್ನ ಹೆಸರು ಚಲುವನಾರಾಯಣ. ನಾನು ಕತೆಗಾರ. ಅಂಗಡಿಗಳಿಗೆ ಜಾಹೀರಾತು ಬರೆದುಕೊಡೋನು. ಬಂಡೂರಿನ ದೇವಿರಮ್ಮ ಅಂತ ಇಲ್ಲಿ ಕೂಗಿಸಿದ್ದು ನಾನೇ ಕಟ್ಟಿದ ಕತೆ. ಅಂಥವರು ಯಾರೂ ಇಲ್ಲ. ಬಂಡೂರಿನ ಯಾವ ಮನೆಯ ದೇವಿರಮ್ಮನನ್ನೂ ಯಾವ ಗಂಡನೂ ಬಿಟ್ಟಿರಲಿಲ್ಲ."

ಕುರಿ ಕೊಳ್ಳಲು ಬಂದಿದ್ದವನೊಬ್ಬ ಕೇಳಿದ. "ಅಂಗಾರೆ ಪುಡಿ?"

"ಪುಡಿ ಇದೆ. ಪುಡಿ ಚೆನ್ನಾಗೇ ಇದೆ."

"ಗಾಡಿ?"

"ಗಾಡಿ ಇಲ್ಲ."

"ಗಂಡ?"

"ಗಂಡನೂ ಇಲ್ಲ."

"ಇದ್ದುದ್ದೆಲ್ಲಾ ಬುಟ್ಟು ಪುಡಿ ಮಾತ್ರ ಉಳ್ಸಿದ್ರಿ," ಅಂತ ಅವನು ಅಂದಾಗ ಜನ ನಕ್ಕರು. ಬೆಲ್ಲದ ಅಚ್ಚು ಮಾರುತ್ತಾ ಕೂತಿದ್ದ ಒಬ್ಬ ಮುದುಕಿ ಮಾತ್ರ ನಗಲಿಲ್ಲ. "ಮನೆಗ್ ಬಂದ್ಲಲ್ಲ ಅಂತ ನಾನ್ ಸಂತೋಸ ಪಟ್ಟಿದ್ದೆ," ಅಂದಳು. ಚಲುವನಾರಾಯಣ ಅವಳ ಕಡೆ ನೋಡುತ್ತಲೇ ಗಾಡಿಯಿಂದ ಇಳಿದರು.

ಮಾದಯ್ಯ ಗುಂಪಿನ ಹಿಂದೆ ನಿಂತು ಕೇಳಿಸಿಕೊಂಡಿದ್ದ. ಹತ್ತಿರ ಬರಲಿಲ್ಲ. ಟವಲು ಕೊಡವಿ ಹೊರಟುಹೋದ. ವಾರದೊಳಗೆ ಬೆಸಗರಹಳ್ಳಿಯವರು ದೇವಿರಮ್ಮನ ತೌರಿಗೆ ಬಂದು ಮಾತುಕತೆ ಮುಗಿಸಿಕೊಂಡು ಹೋದರು. ಮದುವೆ ಹತ್ತಿರದಲ್ಲೇ ನಿಶ್ಚಯವಾಯಿತು.

ಮರಿಯಯ್ಯ ಜಗಳವಾಡಲಿಲ್ಲ. ಬರುವುದನ್ನು ನಿಲ್ಲಿಸಿದ. ಜವಳಿಯವನು ನಿಲ್ಲಿಸಿದ. ಅಕ್ಕಿಯವನು ಎದುರಿಗೆ ಸಿಕ್ಕಾಗ, "ನಿಮ್ ಮೇಲೆ ಕ್ವಾಪ ಇಲ್ಲ ಸ್ವಾಮಿ. ಬರ್ದಿದ್ದುನ್ನ ನೀವೇ ಸುಳ್ಳು ಅಂತ ಕೂಗೋದಾದ್ರೆ ನಾವು ಯಾವ್ ಧೈರ್ಯದ ಮೇಲೆ ಬರ್ಸಾನ?" ಅಂದ. ಟೆಂಟು ಸಿನಿಮಾ ಬೇರೆ ಊರಿಗೆ ಎದ್ದಿತ್ತು. ಮಂಡ್ಯದ ಅಂಗಡಿಗಳಲ್ಲೂ ಸುದ್ದಿ ಅವರಿಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ನಾನು ಕತೆಗಾರ ಅನ್ನುವಷ್ಟರಲ್ಲೇ, ಓ ಸಂತೆಯಲ್ಲಿ ನಿಂತವರಲ್ವಾ ಅನ್ನುತ್ತಿದ್ದರು. ಯುಗಾದಿಯ ತನಕ ಅವರು ದಿನವೂ ಕೋಣೆಯಲ್ಲಿ ಕೂತು ಏನೋ ಬರೆದರು. ಜಗುಲಿಗೆ ತಂದು ಓದಲಿಲ್ಲ. ಅಂಕಮ್ಮನೂ ಕೇಳಲಿಲ್ಲ.

ಹಬ್ಬ ಕಳೆದ ಮೇಲೆ ಅಣ್ಣ ಬಂದರು. ಈ ಸಲ ಅವರು ಜೋರಾಗಿ ಏನೂ ಹೇಳಲಿಲ್ಲ. ಸೊಸೈಟಿಯವರು ಸೋಮವಾರ ಬರಹೇಳಿದ್ದಾರೆ ಅಂದರು, ಅಷ್ಟೆ. ಚಲುವನಾರಾಯಣ ಹಾಸಿಗೆ ಸುತ್ತಿ ಕಟ್ಟಿದರು, ಪುಸ್ತಕವನ್ನೆಲ್ಲ ಗೋಣಿಚೀಲಕ್ಕೆ ತುಂಬಿದರು. ಅಂಕಮ್ಮ ಒಳಗೆ ಹೋಗಿ ಕೋಣೆ ಗುಡಿಸಿದಳು. ಅಣ್ಣ ಚೀಲ ಹೊರಿಸಿಕೊಂಡು ಸ್ಟೇಷನ್ನಿನ ಕಡೆ ಹೊರಟ ಮೇಲೆ ಚಲುವನಾರಾಯಣ ಒಂದಿಷ್ಟು ಹಿಂದೆ ಉಳಿದರು. ಬೀಗದ ಕೈ ಕೊಟ್ಟರು.

"ದೇವಿರಮ್ಮನೋರ ತಂಗಿ ಮದುವೆಗೆ ಹೋಗ್ತೀರಲ್ಲ?"

"ಓಗ್ದೆ ಆದೀತಾ? ತೌರುಮನೆ ಬೀಗರು."

ಅಣ್ಣ ದೂರದಿಂದ ಕರೆದರು. ಚಲುವನಾರಾಯಣ ಆ ಕಡೆ ನೋಡಿ, ಬಂದೆ ಅಂತ ಕೈ ಮಾಡಿದರು. ಆಮೇಲೆ ಈ ಕಡೆ ತಿರುಗಿದರು.

"ದೇವಿರಮ್ಮನೋರು ಸಿಕ್ಕಿದಾಗ ಒಂದು ಮಾತು ಕೇಳ್ತೀರಾ? ಆಮೇಲೆ ಆದದ್ದೆಲ್ಲ ಹಾಗಿರಲಿ. ಆ ಕತೇನ ಮೊದಲನೇ ಸಲ ಯಾರೋ ಓದಿ ಹೇಳಿದಾಗ, ಚೆನ್ನಾಗಿದೆ ಅನ್ನಿಸಿತ್ತಾ ಅವರಿಗೆ?"